ಕಿಟೆಲ್ ಹುಟ್ಟಿದ ಸೀಮೆಯ ಗಡಿಗಳು

ಕನ್ನಡ ನಿಘಂಟುಕಾರ ಫರ್ಡಿನಾಂಡ್ ಕಿಟೆಲ್ 1832ರ ಏಪ್ರಿಲ್ 7ರಂದು ಜರ್ಮನಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು ಎಂದು ನಮ್ಮ ಪುಸ್ತಕಗಳು ಹೇಳುತ್ತವೆ. ಹಳ್ಳಿಯ ಹೆಸರು ಸರಿ. ಆದರೆ ಆಗ ಜರ್ಮನಿ ಎಂಬ ಒಂದೇ ರಾಜ್ಯ ಎಲ್ಲಿತ್ತು? ನಾನು ಧಾರವಾಡದಲ್ಲಿ ಕಂದಾಯ ಇಲಾಖೆಗೆ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. ಒಂದು ಊರಿನ ಹೆಸರು ಕಿವಿಗೆ ಬಿದ್ದರೆ ಸಾಕು, ಯಾವ ಹೋಬಳಿ, ಯಾವ ಜಿಲ್ಲೆ, ಕಂದಾಯ ಯಾರಿಗೆ ಕಟ್ಟುತ್ತಿದ್ದರು ಎಂದು ಕೇಳದೆ ಮನಸ್ಸು ಸುಮ್ಮನಿರುವುದಿಲ್ಲ. ಮಗಳು ಬ್ರೆಮೆನ್ನಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ, ನೋಡಬೇಕಾದ ಅರಮನೆಗಳನ್ನೆಲ್ಲ ಬಿಟ್ಟು, ನಾನು ಹಟ ಹಿಡಿದು ಹೋದದ್ದು ಈ ಕಡಲಂಚಿನ ಬಯಲಿಗೆ.

ಈಗಿನ ಲೆಕ್ಕ ಸುಲಭ. ರೆಸ್ಟರ್‌ಹಾಫೆ ಡೋರ್ನುಮ್ ಎಂಬ ಗೆಮೈಂಡೆಗೆ ಸೇರಿದೆ. ಗೆಮೈಂಡೆ ಎಂದರೆ ನಮ್ಮ ಗ್ರಾಮ ಪಂಚಾಯಿತಿಯ ಸ್ಥಾನದಲ್ಲಿರುವುದು, ಅಧಿಕಾರ ಮಾತ್ರ ಬಹಳ ಹೆಚ್ಚು. ಡೋರ್ನುಮ್ ಇರುವುದು ಔರಿಶ್ ಜಿಲ್ಲೆಯಲ್ಲಿ, ಔರಿಶ್ ಇರುವುದು ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ. ಇಷ್ಟನ್ನು ಒಂದು ಲಕೋಟೆಯ ಮೇಲೆ ಬರೆದು ಮುಗಿಸಬಹುದು. ಕಿಟೆಲ್ ಹುಟ್ಟಿದಾಗ ಬರೆಯಬೇಕಾಗಿದ್ದ ವಿಳಾಸವೇ ಬೇರೆ: ಹನೋವರ್ ಸಂಸ್ಥಾನ, ಔರಿಶ್ ಲಾಂಡ್‌ಡ್ರೋಸ್ಟೈ. ಇದು ನಮ್ಮ ವಿಭಾಗೀಯ ಕಮಿಷನರ ಆಡಳಿತದಂಥ ಘಟಕ, ಹನೋವರ್‌ನಲ್ಲಿ ಇಂಥವು ಆರು ಇದ್ದವು. ಆಗಿನ ಹನೋವರ್ ದೊರೆ ನಾಲ್ಕನೆಯ ವಿಲಿಯಂ, ಬ್ರಿಟನ್ನಿಗೂ ಅವನೇ ದೊರೆ. ಧಾರವಾಡದ ಕಲೆಕ್ಟರನೂ ರೆಸ್ಟರ್‌ಹಾಫೆಯ ಪಾದ್ರಿಯ ಮಗನಾದ ಕಿಟೆಲ್ಲೂ ಒಬ್ಬನೇ ಅರಸನ ಪ್ರಜೆಗಳು. ಐದು ವರ್ಷಕ್ಕೆ ವಿಲಿಯಂ ಸತ್ತ. ಹೆಣ್ಣಿಗೆ ಪಟ್ಟವಿಲ್ಲ ಎಂಬ ಹನೋವರ್ ಕಟ್ಟಳೆಯಿಂದ ವಿಕ್ಟೋರಿಯಾ ರಾಣಿಗೆ ಆ ಸಂಸ್ಥಾನ ದಕ್ಕಲಿಲ್ಲ, ಅವಳ ಚಿಕ್ಕಪ್ಪನ ಪಾಲಾಯಿತು.

ಹನೋವರ್ ಕೂಡ ಈ ನೆಲಕ್ಕೆ ಹೊಸಬನೇ. ರೆಸ್ಟರ್‌ಹಾಫೆ ಇರುವ ಈ ಪೂರ್ವ ಫ್ರೀಸಿಯ ಸೀಮೆಯ ಜನ ಮಧ್ಯಯುಗದಲ್ಲಿ ಚಕ್ರವರ್ತಿಯೊಬ್ಬನನ್ನು ಬಿಟ್ಟು ನಮಗೆ ಯಾವ ಒಡೆಯನೂ ಇಲ್ಲ ಎನ್ನುತ್ತಿದ್ದರು. ಸೀಮೆಸೀಮೆಯ ಪ್ರತಿನಿಧಿಗಳು ಪೆಂಟಕೋಸ್ಟ್ ಹಬ್ಬದ ಮಂಗಳವಾರ ಔರಿಶ್ ಪಕ್ಕದ ಉಪ್‌ಸ್ಟಾಲ್ಸ್‌ಬೋಮ್ ದಿಬ್ಬದಲ್ಲಿ ಸೇರಿ ನ್ಯಾಯ ಇತ್ಯರ್ಥ ಮಾಡುತ್ತಿದ್ದರು. ಅಲ್ಲಿ ಈಗಿರುವ ಕಲ್ಲಿನ ಪಿರಮಿಡ್ಡು 1833ರದು, ಕಿಟೆಲ್‌ಗಿಂತ ಒಂದು ವರ್ಷ ಚಿಕ್ಕದು. ಆಮೇಲೆ ಕೋಟೆಮನೆ ಕಟ್ಟಿದ ಪಾಳೆಯಗಾರರು ಬಂದರು. ಅವರಲ್ಲಿ ಗ್ರೀಟ್‌ಸೀಲ್‌ನ ಸರ್ಕ್ಸೇನಾ ಮನೆತನ ಮೇಲುಗೈ ಪಡೆದು 1464ರಲ್ಲಿ ಕೌಂಟ್ ಪದವಿ ಗಿಟ್ಟಿಸಿತು. 1744ರಲ್ಲಿ ಆ ವಂಶ ನಿರ್ವಂಶವಾಯಿತು, ಪ್ರಷ್ಯ ಬಂದು ಕೂತಿತು. ನೆಪೋಲಿಯನ್ನನ ಗಲಾಟೆಯಲ್ಲಿ ಮೊದಲು ಹಾಲೆಂಡಿಗೆ, 1810ರಲ್ಲಿ ನೇರ ಫ್ರಾನ್ಸಿಗೆ ಸೇರಿ ಪೂರ್ವ ಎಮ್ಸ್ ಎಂಬ ಫ್ರೆಂಚ್ ಜಿಲ್ಲೆಯಾಯಿತು. 1813ರಲ್ಲಿ ಮತ್ತೆ ಪ್ರಷ್ಯ, 1815ರಲ್ಲಿ ಹನೋವರ್, 1866ರಲ್ಲಿ ಹನೋವರನ್ನೇ ನುಂಗಿದ ಪ್ರಷ್ಯ. ಈ ಕೊನೆಯ ಬದಲಾವಣೆಯ ಹೊತ್ತಿಗೆ ಕಿಟೆಲ್ ನಮ್ಮ ಕಡೆಗೆ ಬಂದು ಹದಿಮೂರು ವರ್ಷವಾಗಿತ್ತು. ಅವರು ಕನ್ನಡ ಶಬ್ದ ಹೆಕ್ಕುತ್ತಿರುವಾಗಲೇ ಹುಟ್ಟೂರು ದೇಶ ಬದಲಿಸಿತ್ತು.

ಫ್ರೆಂಚರು ಇದ್ದದ್ದು ಕೆಲವೇ ವರ್ಷ. ಆದರೂ ಅವರ ಒಂದು ಹುಕುಮು ಮನೆಮನೆಗೂ ಮುಟ್ಟಿತು. ಇಲ್ಲಿಯ ಜನಕ್ಕೆ ಮನೆತನದ ಹೆಸರಿನ ರೂಢಿ ಕಡಿಮೆ, ಅಪ್ಪನ ಹೆಸರನ್ನೇ ಮಕ್ಕಳು ಹಿಂದೆ ಹಚ್ಚಿಕೊಳ್ಳುತ್ತಿದ್ದರು. ಪ್ರತಿ ಕುಟುಂಬವೂ ಒಂದು ಕಾಯಂ ಹೆಸರು ಬರೆಸಬೇಕೆಂದು 1811ರಲ್ಲಿ ಆಜ್ಞೆಯಾಯಿತು. ಜನ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ, ಹನೋವರ್ ಸರ್ಕಾರವೂ ಅದೇ ಆಜ್ಞೆಯನ್ನು ಮತ್ತೆ ಹೊರಡಿಸಬೇಕಾಯಿತು. ಖಾತೆಯಲ್ಲಿ ಹೆಸರು ಒಂದೇ ಥರ ಇರಬೇಕೆಂದು ವರ್ಷಗಟ್ಟಲೆ ರೈತರ ಜೊತೆ ಜಗಳಾಡಿದ ನನಗೆ ಆ ಕಾಲದ ಗುಮಾಸ್ತರ ಪಾಡು ನೆನೆದು ನಗು ಬಂತು.

ಇಷ್ಟು ಸಲ ಒಡೆಯರು ಬದಲಾದರೂ ಕದಲದ ಗಡಿಗಳು ಇಲ್ಲಿ ಇವೆ. ನನಗೆ ಇಡೀ ಸೀಮೆಯಲ್ಲಿ ದೊಡ್ಡ ಸಂಗತಿ ಎನಿಸಿದ್ದು ಅದೇ. ಆ ಗಡಿಗಳನ್ನು ಎಳೆದದ್ದು ನೀರು. ಈ ಕಡಲಂಚಿನ ನೆಲದ ಬಹುಪಾಲು ಸಮುದ್ರದ ಉಬ್ಬರಕ್ಕಿಂತ ತಗ್ಗಿನಲ್ಲಿದೆ. ಕಡಲ ಕಡೆಗೆ ಮಣ್ಣಿನ ಒಡ್ಡು, ಒಳಗೆ ಕಾಲುವೆಗಳು, ಕಾಲುವೆ ಒಡ್ಡನ್ನು ದಾಟುವಲ್ಲಿ ಸೀಲ್ ಎಂಬ ತೂಬು. ಇಳಿತಕ್ಕೆ ತೂಬು ತೆರೆದು ಒಳನೀರು ಹೊರಗೆ ಹೋಗುತ್ತದೆ, ಉಬ್ಬರಕ್ಕೆ ಮುಚ್ಚುತ್ತದೆ. ಒಂದು ಒಡ್ಡಿನ ಆಸರೆಯಲ್ಲಿ ಬದುಕುವವರದು ಒಂದು ಸಂಘ, ಅದಕ್ಕೆ ಡೈಖ್‌ಆಖ್ಟ್ ಎಂದು ಹೆಸರು. ಒಂದು ತೂಬಿಗೆ ನೀರು ಹರಿಸುವವರದು ಇನ್ನೊಂದು, ಅದು ಸೀಲ್‌ಆಖ್ಟ್.

ಹಳೆಯ ಕಾಲದಲ್ಲಿ ಪ್ರತಿ ರೈತನಿಗೂ ಅವನ ಜಮೀನಿನ ಅಳತೆಗೆ ತಕ್ಕಷ್ಟು ಒಡ್ಡಿನ ಪಾಲು ಗುರುತಾಗಿರುತ್ತಿತ್ತು. ತನ್ನ ಪಾಲನ್ನು ದುರಸ್ತಿ ಮಾಡಲಾಗದವನು ಒಡ್ಡಿನಲ್ಲಿ ಸನಿಕೆ ನೆಟ್ಟು ಊರು ಬಿಡಬೇಕು. ಆ ಸನಿಕೆಯನ್ನು ಯಾರು ಕಿತ್ತುಕೊಳ್ಳುತ್ತಾರೋ ಅವರಿಗೆ ಅವನ ಜಮೀನು, ಅದರ ಜೊತೆಗೆ ಅವನ ಒಡ್ಡಿನ ಪಾಲು. ಪಂಚನಾಮೆ ಇಲ್ಲ, ಮೇಲ್ಮನವಿ ಇಲ್ಲ. ಕ್ರೂರ ಎನಿಸಬಹುದು. ಆದರೆ ಒಂದು ಮಾರು ಒಡ್ಡು ಸಡಿಲಾದರೆ ಊರೇ ಹೋಗುವಲ್ಲಿ ಮುಲಾಜು ನಡೆಯುವುದಿಲ್ಲ. 1717ರ ಕ್ರಿಸ್ಮಸ್ ರಾತ್ರಿ ಅದೇ ಆಯಿತು. ಒಡ್ಡುಗಳು ಒಡೆದು ಪೂರ್ವ ಫ್ರೀಸಿಯ ಒಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮುಂದೆ ಈ ಪಾಲುಪದ್ಧತಿ ಹೋಗಿ ಎಲ್ಲರೂ ಹಣ ಹಾಕಿ ಒಟ್ಟಾಗಿ ಒಡ್ಡು ನೋಡಿಕೊಳ್ಳುವ ಕ್ರಮ ಬಂತು. ಡೈಖ್‌ಆಖ್ಟ್‌ಗಳು ಇಂದಿಗೂ ಇವೆ. ಒಡ್ಡಿನ ಒಳಗಿರುವ ಭೂಮಾಲೀಕರೆಲ್ಲ ಅದಕ್ಕೆ ವಂತಿಗೆ ಕೊಡಲೇಬೇಕು. ಅವುಗಳ ಸರಹದ್ದು ಗೆಮೈಂಡೆಯ ಗೆರೆಯನ್ನು ಕೇಳಿಕೊಂಡು ಹೋಗುವುದಿಲ್ಲ.

ಈಗ ಕಚೇರಿಯ ಗೆರೆಗಳಿಗೆ ಬರೋಣ. 1885ರಲ್ಲಿ ಪ್ರಷ್ಯ ಈ ಪ್ರಾಂತಕ್ಕೆ ತನ್ನ ಜಿಲ್ಲಾ ಪದ್ಧತಿ ತಂದಿತು. ಪೂರ್ವ ಫ್ರೀಸಿಯದಲ್ಲಿ ಔರಿಶ್, ಎಮ್ಡೆನ್, ಲೇರ್, ನೋರ್ಡನ್, ವೇನರ್, ವಿಟ್‌ಮುಂಡ್ ಎಂಬ ಗ್ರಾಮಾಂತರ ಜಿಲ್ಲೆಗಳಾದವು. ಡೋರ್ನುಮ್ ಸೇರಿದ್ದು ನೋರ್ಡನ್‌ಗೆ. ಖರ್ಚು ಉಳಿಸಲೆಂದು 1932ರಲ್ಲಿ ಎಮ್ಡೆನ್ ಗ್ರಾಮಾಂತರವನ್ನು ನೋರ್ಡನ್‌ಗೂ ವೇನರನ್ನು ಲೇರ್‌ಗೂ ಸೇರಿಸಿದರು. 1977ರ ಆಗಸ್ಟ್ 1ರಂದು ನೋರ್ಡನ್ ಜಿಲ್ಲೆಯೇ ಔರಿಶ್‌ನಲ್ಲಿ ಕರಗಿತು. ಮರುವರ್ಷ, ಲಾಂಡ್‌ಡ್ರೋಸ್ಟೈ ಹೋಗಿ ಬಂದಿದ್ದ ಔರಿಶ್ ವಿಭಾಗವೂ ರದ್ದಾಯಿತು. ನನ್ನ ಸೇವೆಯಲ್ಲಿ ನಾನು ಕಂಡದ್ದು ಇದರ ತದ್ವಿರುದ್ಧ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ, ಹಾವೇರಿ ಒಡೆದು ಹೋದಾಗ ಕಡತಗಳನ್ನು ಮೂರು ಪಾಲು ಮಾಡಿದವರಲ್ಲಿ ನಾನೂ ಒಬ್ಬ. ಜಿಲ್ಲಾ ಕೇಂದ್ರ ಸಿಕ್ಕ ಊರಿನಲ್ಲಿ ಪಟಾಕಿ ಹೊಡೆಯುವುದನ್ನು ನೋಡಿದ್ದೆ. ಕಳೆದುಕೊಂಡ ಊರು ಹೇಗಿರುತ್ತದೆಂದು ತಿಳಿಯಲು ನೋರ್ಡನ್‌ವರೆಗೆ ಬರಬೇಕಾಯಿತು. ಊರೇನೂ ಬಡವಾಗಿಲ್ಲ. ಆದರೆ ಉಳಿತಾಯ ಬ್ಯಾಂಕಿನ ಹೆಸರಿನಲ್ಲಿ ಔರಿಶ್, ನೋರ್ಡನ್ ಎರಡೂ ಇವೆ. ಒಂದನ್ನೇ ಬರೆಯುವ ಧೈರ್ಯ ಯಾರಿಗೂ ಬಂದಿರಲಿಕ್ಕಿಲ್ಲ.

ಅದಕ್ಕೂ ಮೊದಲು, 1972ರಲ್ಲಿ, ಹಳ್ಳಿಗಳನ್ನೇ ಗುಡಿಸಿ ಒಟ್ಟು ಮಾಡಿದ್ದರು. ಔರಿಶ್ ಪಟ್ಟಣದೊಳಗೆ ಈಗ 21 ಊರುಗಳಿವೆ. ದಿಬ್ಬಗಳ ಮೇಲೆ ಕೂತ 19 ಹಳ್ಳಿ ಸೇರಿ ಕ್ರುಮ್‌ಹೋರ್ನ್ ಆಗಿದೆ. 1633ರಲ್ಲಿ ಎಮ್ಡೆನ್ ವ್ಯಾಪಾರಿಗಳು ಇದ್ದಲಿನಂತೆ ಉರಿಯುವ ಜೌಗುಮಣ್ಣನ್ನು ತೆಗೆಯಲು ಕಾಲುವೆ ತೋಡಿಸಿ ನೆಲೆಯೂರಿಸಿದ ಗ್ರೋಸೆಫೇನ್ 14 ಊರುಗಳ ಗೆಮೈಂಡೆ. ಎಲ್ಲರೂ ಒಪ್ಪಿ ಕರಗಿದರೇ? ಇಲ್ಲ. ಒಪ್ಪದವರಿಗೆ ಸಾಮ್ಟ್‌ಗೆಮೈಂಡೆ ಎಂಬ ನಡುದಾರಿ ಇದೆ: ಹಳ್ಳಿ ಹಳ್ಳಿಗೂ ಸ್ವಂತ ಸಭೆ, ಕಚೇರಿ ಮಾತ್ರ ಎಲ್ಲಕ್ಕೂ ಒಂದೇ. ಬ್ರೂಕ್‌ಮರ್‌ಲ್ಯಾಂಡ್ ಹೀಗೆ ಆರು ಊರುಗಳ ಕೂಟ. ಅದರಲ್ಲಿ ಓಸ್ಟೇಲ್ ಒಂದು. 1596ರಲ್ಲಿ ಮೀರಾ ನಕ್ಷತ್ರದ ಏರಿಳಿತ ಗುರುತಿಸಿದ ಡೇವಿಡ್ ಫ್ಯಾಬ್ರೀಷಿಯಸ್ ಮುಂದೆ ಅಲ್ಲಿಯ ಪಾದ್ರಿಯಾದ. ಹೆಬ್ಬಾತು ಕದ್ದವನೆಂದು ಪ್ರವಚನಪೀಠದಿಂದ ಬೆರಳು ತೋರಿಸಿದ್ದಕ್ಕೆ ಒಬ್ಬ ರೈತ 1617ರಲ್ಲಿ ಅವನನ್ನು ಸನಿಕೆಯಿಂದ ಹೊಡೆದು ಕೊಂದನಂತೆ. ಡೋರ್ನುಮ್ ಕೂಡ ಮೊದಲು ಇಂಥ ಸಾಮ್ಟ್‌ಗೆಮೈಂಡೆಯೇ ಆಗಿತ್ತು, 2001ರಲ್ಲಿ ಪೂರಾ ಒಂದಾಯಿತು.

ಔರಿಶ್ ಜಿಲ್ಲೆಯಲ್ಲಿ ಒಟ್ಟು 24 ಗೆಮೈಂಡೆ. ಅವುಗಳಲ್ಲಿ ಮೂರು ದ್ವೀಪಗಳು: ನೋರ್ಡರ್ನೈ, ಯೂಸ್ಟ್, ಬಾಲ್ಟ್ರುಮ್. ಬಾಲ್ಟ್ರುಮ್‌ಗೆ ದೋಣಿ ಹೊರಡುವುದು ಡೋರ್ನುಮ್ ಗೆಮೈಂಡೆಯದೇ ಆದ ನೆಸ್ಮರ್‌ಸೀಲ್‌ನಿಂದ. ಅಲ್ಲಿ ಕಾರಿಲ್ಲ, ಜನ ಸಾವಿರವೂ ಇಲ್ಲ, ಆದರೂ ಸ್ವತಂತ್ರ ಗೆಮೈಂಡೆ. ಮನೆಗಳ ಅಂಕಿಯನ್ನು ಬೀದಿಯ ಸಾಲಿಗೆ ಕೊಟ್ಟಿಲ್ಲ, ಕಟ್ಟಿದ ಕ್ರಮಕ್ಕೆ ಕೊಟ್ಟಿದ್ದಾರೆ. ಹೀಗಾಗಿ ಅಕ್ಕಪಕ್ಕದ ಮನೆಗಳ ಅಂಕಿಗಳಿಗೆ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಅಂಚೆಯವನಿಗೆ ಊರಿನ ಇತಿಹಾಸ ಬಾಯಿಪಾಠವಾಗಿರಲೇಬೇಕು. ಮೆಮ್ಮೆರ್ಟ್ ಎಂಬ ಇನ್ನೊಂದು ದ್ವೀಪವಂತೂ ಯಾವ ಗೆಮೈಂಡೆಗೂ ಸೇರಿಲ್ಲ. ಅದು ಹಕ್ಕಿಗಳದು, ಅವನ್ನು ಕಾಯುವ ಒಬ್ಬ ಕಾವಲುಗಾರನಿದ್ದಾನೆ. ಜಿಲ್ಲೆಯ ನಕಾಶೆಯಲ್ಲಿ ಅದಕ್ಕೂ ಪ್ರತ್ಯೇಕ ಗೆರೆ ಇದೆ.

ಗೆರೆ ಎಳೆದವರು ಸೋತದ್ದೂ ಉಂಟು. 1977ರಲ್ಲೇ ಪಕ್ಕದ ಫ್ರೀಸ್‌ಲ್ಯಾಂಡ್ ಜಿಲ್ಲೆಯನ್ನು ಒಡೆದು ಒಂದು ಭಾಗವನ್ನು ವಿಟ್‌ಮುಂಡ್ ಜೊತೆ ಸೇರಿಸಿದ್ದರು. ವಿಷಯ ರಾಜ್ಯದ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಯಿತು, 1980ರ ಜನವರಿ 1ಕ್ಕೆ ಎರಡೂ ಜಿಲ್ಲೆ ಮೊದಲಿನಂತಾದವು. ನೋರ್ಡನ್‌ಗೆ ಆ ಭಾಗ್ಯ ಬರಲಿಲ್ಲ. ಈಚಿನ ಜಗ್ಗಾಟ ಆಸ್ಪತ್ರೆಯದು. ಔರಿಶ್, ನೋರ್ಡನ್, ಎಮ್ಡೆನ್ ಮೂರೂ ಊರಿನ ಆಸ್ಪತ್ರೆಗಳ ಬದಲು ಒಂದೇ ದೊಡ್ಡದನ್ನು ಕಟ್ಟುವ ಯೋಜನೆಯನ್ನು ಎಮ್ಡೆನ್ ಮತದಾರರು 2017ರಲ್ಲಿ ತಿರಸ್ಕರಿಸಿ 2019ರಲ್ಲಿ ಒಪ್ಪಿದರು. ಅದಕ್ಕೆ ಗೊತ್ತುಮಾಡಿದ ಜಾಗ ಈ ಮೂರರಲ್ಲಿ ಒಂದೂ ಅಲ್ಲ. ಮೂರಕ್ಕೂ ನಡುವೆ, 1972ರಲ್ಲಿ ಹುಟ್ಟಿದ ಸೂಡ್‌ಬ್ರೂಕ್‌ಮರ್‌ಲ್ಯಾಂಡ್ ಗೆಮೈಂಡೆಯ ಗೇಯೋರ್ಗ್ಸ್‌ಹೈಲ್‌ನಲ್ಲಿ, ರಸ್ತೆಗಳು ಕೂಡುವ ಕಡೆ.