ಬಾಂದ್ರಾದ ಮೇಣದ ಕಾಲು: ‘ಹರಕೆ’ ಮತ್ತು ‘ಕಾಣಿಕೆ’ ಪದಗಳ ವಿಚಾರ

ಮುಂಬಯಿಯ ಬಾಂದ್ರಾದಲ್ಲಿ ಕಡಲಿಗೆದುರಾದ ಗುಡ್ಡದ ಮೇಲೆ ಮೌಂಟ್ ಮೇರಿ ಇಗರ್ಜಿಯಿದೆ. ಇಂದಿನ ಕಟ್ಟಡ 1904ರದು. ಸೆಪ್ಟೆಂಬರ್ 8ರಂದು ಬರುವ ಮರಿಯಮ್ಮನವರ ಜನ್ಮದಿನವನ್ನು ಅನುಸರಿಸಿ ಇಲ್ಲಿ ಒಂದು ವಾರ ಜಾತ್ರೆ ನೆರೆಯುತ್ತದೆ. ಕ್ರೈಸ್ತರಲ್ಲದೆ ಅನ್ಯಮತೀಯರೂ ಬಂದು, ದಾರಿಯ ಅಂಗಡಿಗಳಲ್ಲಿ ದೊರೆಯುವ ಮೇಣದ ಕೈ, ಕಾಲು, ಮಗು, ಮನೆಗಳ ಆಕೃತಿಗಳನ್ನು ಕೊಂಡು ಅರ್ಪಿಸುತ್ತಾರೆ. ಈ ಅರ್ಪಣೆಯನ್ನು ಕನ್ನಡದ ಬರೆಹಗಳಲ್ಲಿ ‘ಕಾಣಿಕೆ’ ಎಂದೂ ‘ಹರಕೆ’ ಎಂದೂ ಭೇದವೆಣಿಸದೆ ಕರೆಯುವುದುಂಟು. ಇವೆರಡೂ ಒಂದೇ ಅಲ್ಲವೆಂಬುದನ್ನು ಇಲ್ಲಿ ತೋರಿಸಬಯಸುತ್ತೇವೆ.

‘ಕಾಣಿಕೆ’ಯ ಮೂಲ ‘ಕಾಣ್’ ಧಾತು. ದೇವರನ್ನೋ ಅರಸನನ್ನೋ ಹಿರಿಯರನ್ನೋ ಕಾಣುವಾಗ ಬರಿಗೈಯಲ್ಲಿ ಹೋಗಬಾರದೆಂದು ಒಯ್ಯುವ ವಸ್ತು ಅದು. ಅದರ ಹಿಂದೆ ಕರಾರಿಲ್ಲ.

‘ಹರಕೆ’ಯ ಹಳೆಯ ರೂಪ ‘ಪರಕೆ’. ಅದು ‘ಪರಸು’ ಎಂಬ ಕ್ರಿಯಾಪದಕ್ಕೆ ಸಂಬಂಧಿಸಿದುದು. ಹೊಸಗನ್ನಡದಲ್ಲಿ ಇದೇ ‘ಹರಸು’. ಹೀಗಾಗಿ ಹರಕೆಯೆಂದರೆ ಆಶೀರ್ವಾದವೂ ಹೌದು, ದೇವರಿಗೆ ಕೊಟ್ಟ ಮಾತೂ ಹೌದು. ಹಿರಿಯರು ಕಿರಿಯರಿಗೆ ನುಡಿದ ಶುಭದ ಮಾತು ಒಂದು, ಭಕ್ತನು ದೇವರಿಗೆ ನುಡಿದ ಮಾತು ಇನ್ನೊಂದು; ಎರಡರಲ್ಲಿಯೂ ನುಡಿಯೇ ಮುಖ್ಯವಾದುದರಿಂದ ಅರ್ಥವು ಹೀಗೆ ಹಬ್ಬಿತೆಂದು ನಾವು ಊಹಿಸುತ್ತೇವೆ. 12ನೆಯ ಶತಮಾನದ ಬಸವಣ್ಣನವರ ವಚನದಲ್ಲಿ ಹರಕೆಯ ಕುರಿಯ ಪ್ರಸ್ತಾಪವಿರುವುದರಿಂದ, ದೇವರಿಗೆ ಮೀಸಲಾದುದೆಂಬ ಅರ್ಥವು ಆ ವೇಳೆಗೇ ರೂಢವಾಗಿತ್ತೆನ್ನಬಹುದು. ಮುಂಬಯಿಯಲ್ಲಿ ನೆಲಸಿರುವ ತುಳುವರ ಮಾತಿನಲ್ಲಾದರೋ ಪಕಾರವುಳ್ಳ ‘ಪರಕೆ’ ಎಂಬ ರೂಪವೇ ಇಂದಿಗೂ ಜೀವಂತವಾಗಿದೆ.

ಈ ಪದದೊಡನೆ ಬರುವ ಕ್ರಿಯಾಪದಗಳು ಇನ್ನೂ ಗಮನಾರ್ಹ. ಕಾಣಿಕೆಯನ್ನು ‘ಒಪ್ಪಿಸುತ್ತೇವೆ’, ಹರಕೆಯನ್ನು ‘ಹೊರುತ್ತೇವೆ’, ಅನಂತರ ‘ತೀರಿಸುತ್ತೇವೆ’. ಸಾಲವನ್ನು ಹೊರುವುದೂ ತೀರಿಸುವುದೂ ಇದೇ ಮಾತುಗಳಿಂದ. ಬಾಂದ್ರಾದ ಮರಾಠಿ ನೆರೆಯವರು ‘ನವಸ’ವನ್ನು ‘ಬೋಲಣೆ’ ಎಂಬ ಕ್ರಿಯಾಪದದಿಂದ ನುಡಿದು, ‘ಫೇಡಣೆ’ ಎಂಬುದರಿಂದ ತೀರಿಸುತ್ತಾರೆ. ಸಾಲ ತೀರಿಸುವುದಕ್ಕೂ ಅವರಲ್ಲಿ ‘ಫೇಡಣೆ’ಯೇ. ಮರಾಠಿಯಲ್ಲಿ ನುಡಿಯುವುದನ್ನು ಕನ್ನಡದಲ್ಲಿ ಹೊರುತ್ತೇವೆ. ತೀರಿಸುವಲ್ಲಿ ಎರಡು ಭಾಷೆಗಳೂ ಒಂದಾಗುತ್ತವೆ.

ಈಗ ಮೇಣದ ಕಾಲಿಗೆ ಮರಳೋಣ. ನೋವು ನೀಗಲೆಂದು ಬೇಡುತ್ತ ಇಟ್ಟ ಕಾಲು ಕಾಣಿಕೆ. ನೀಗಿದ ಮೇಲೆ, ಕೊಟ್ಟ ಮಾತಿನಂತೆ ತಂದಿಟ್ಟ ಕಾಲು ಹರಕೆ. ಎರಡೂ ಒಂದೇ ಅಂಗಡಿಯ ಸರಕು, ಒಂದೇ ಅಚ್ಚಿನವು. ಇಟ್ಟವರು ಬೇಡುತ್ತಿದ್ದಾರೋ ಋಣ ತೀರಿಸುತ್ತಿದ್ದಾರೋ ಎಂಬುದು ನೋಡುವ ಕಣ್ಣಿಗೆ ತಿಳಿಯದು. ಅವರ ಬಾಯಿಂದ ಬರುವ ಪದದಿಂದಲೇ ತಿಳಿಯಬೇಕು. ಆದುದರಿಂದ ಕ್ಷೇತ್ರಕಾರ್ಯದಲ್ಲಿ ತೊಡಗಿದವರು ವಸ್ತುವನ್ನು ಮಾತ್ರ ದಾಖಲಿಸಿ ಪದವನ್ನು ಬಿಟ್ಟರೆ, ಅದನ್ನು ತಂದವರ ಮನಸ್ಸೇ ದಾಖಲೆಯ ಹೊರಗೆ ಉಳಿಯುತ್ತದೆ.