ಪೇಟೆ ಬಿಟ್ಟು ಬಡಾವಣೆಗೆ

ಇರುವ ಮನೆ ಬಿಟ್ಟು ಊರಿನ ಇನ್ನೊಂದು ಭಾಗಕ್ಕೆ ಹೋಗಬೇಕೇ ಬೇಡವೇ ಎಂಬ ಪ್ರಶ್ನೆ ಬೆಂಗಳೂರಿನ ಸಾವಿರಾರು ಕುಟುಂಬಗಳಿಗೆ ಒಟ್ಟಿಗೇ ಎದುರಾದದ್ದು 1898ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಪ್ಲೇಗು ಊರಿಗೆ ಕಾಲಿಟ್ಟಿತು. ಎರಡು ವರ್ಷ ಮುಂಚೆ ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ರೋಗ ರೈಲುದಾರಿ ಹಿಡಿದು ದಕ್ಷಿಣಕ್ಕೆ ಇಳಿದಿತ್ತು. ಹಳೆಯ ಪೇಟೆ ಮತ್ತು ಬ್ರಿಟಿಷರ ದಂಡು ಪ್ರದೇಶ ಎರಡೂ ಸೇರಿ 1891ರಲ್ಲಿ ಸುಮಾರು 1,80,000 ಇದ್ದ ಜನಸಂಖ್ಯೆ 1901ರ ಗಣತಿಯ ಹೊತ್ತಿಗೆ ಸುಮಾರು 1,59,000ಕ್ಕೆ ಕುಸಿಯಿತು. ಸತ್ತವರಷ್ಟೇ ಅಲ್ಲ, ಊರು ಬಿಟ್ಟು ಹೋದವರೂ ಈ ಇಳಿಕೆಯಲ್ಲಿ ಸೇರಿದ್ದಾರೆ.

ಅದುವರೆಗೆ ಪೇಟೆಯವರಿಗೆ ಮನೆ ಬದಲಿಸುವ ಅಗತ್ಯವೇ ಕಡಿಮೆಯಾಗಿತ್ತು. 1537ರಲ್ಲಿ ಕೆಂಪೇಗೌಡರು ಕಟ್ಟಿದರೆಂದು ಹೇಳುವ ಈ ಪೇಟೆ ಕಸುಬಿನ ಪ್ರಕಾರ ಬೆಳೆದ ಊರು. ಅರಳೆಪೇಟೆಯಲ್ಲಿ ಹತ್ತಿ, ತರಗುಪೇಟೆಯಲ್ಲಿ ಧಾನ್ಯ, ಬಳೇಪೇಟೆಯಲ್ಲಿ ಬಳೆ. ಮುಂದೆ ಅಂಗಡಿ, ಹಿಂದೆ ಸಂಸಾರ. ನೇಕಾರನ ಮನೆಯೊಳಗೇ ಮಗ್ಗದ ಗುಂಡಿ. ಇಂಥಲ್ಲಿ ಮನೆ ಬಿಡುವುದೆಂದರೆ ಕಸುಬನ್ನೂ ಗಿರಾಕಿಯನ್ನೂ ಬಿಡುವುದೆಂದೇ ಅರ್ಥ. ಕೇರಿಯ ದೇವಸ್ಥಾನ, ಕುಲದ ಕಟ್ಟೆ, ಕಷ್ಟಕ್ಕೆ ಸಾಲ ಕೊಡುವ ಸೇಟು ಎಲ್ಲವೂ ಕಾಲ್ನಡಿಗೆಯ ದೂರದಲ್ಲೇ ಇದ್ದವು.

ಊರನ್ನು ಹೊರಕ್ಕೆ ಬೆಳೆಸುವ ಯೋಚನೆ ಮಾತ್ರ ಪ್ಲೇಗಿಗಿಂತ ಹಳೆಯದು. ಕೆ. ಶೇಷಾದ್ರಿ ಅಯ್ಯರ್ ಮೈಸೂರಿನ ದಿವಾನರಾಗಿದ್ದಾಗಲೇ, 1892ರ ಸುಮಾರಿಗೆ, ಚಾಮರಾಜಪೇಟೆ ಮತ್ತು ಶೇಷಾದ್ರಿಪುರ ರೂಪುಗೊಂಡವು. ನೇರ ರಸ್ತೆಗಳು, ಅಡ್ಡರಸ್ತೆಗಳು, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡಲು ಕಿರುಗಲ್ಲಿ: ಪೇಟೆಯವರು ಕಾಣದ ವಿನ್ಯಾಸವಿದು. ದಕ್ಷಿಣದ ಬಸವನಗುಡಿ, ವಾಯವ್ಯದ ಮಲ್ಲೇಶ್ವರ ಬಡಾವಣೆಗಳೂ ಅದೇ ದಶಕದ ಯೋಜನೆಗಳು. ಯೋಜನೆಯಲ್ಲಿದ್ದವನ್ನು ಬೇಗ ಬೇಗ ನೆಲದ ಮೇಲೆ ತರಿಸಿದ್ದು ಪ್ಲೇಗು.

ರೋಗದ ಜೊತೆಗೆ ಸರ್ಕಾರದ ಕಟ್ಟುಪಾಡೂ ಬಂತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಮನೆ ಖಾಲಿ ಮಾಡಬೇಕು. ತಪಾಸಣೆಯವರು ಒಳಗೆ ಬರುತ್ತಾರೆ, ಬಿಸಿಲು ಬೀಳಲೆಂದು ಮಾಡಿನ ಹೆಂಚು ತೆಗೆಸುತ್ತಾರೆ, ಜನರನ್ನು ಊರಾಚೆಯ ಗುಡಿಸಲುಗಳಿಗೆ ಕಳಿಸುತ್ತಾರೆ. ಕಾಯಿಲೆಯವರನ್ನು ಬಚ್ಚಿಟ್ಟ ಮನೆಗಳೂ ಇದ್ದವು. ಜನರಿಗೆ ರೋಗದಷ್ಟೇ ಕಟ್ಟುಪಾಡಿನ ಭಯವೂ ಇತ್ತು. ಪ್ಲೇಗಿನಮ್ಮ, ಪ್ಲೇಗು ಮಾರಿಯಮ್ಮ ಎಂಬ ಹೆಸರಿನ ಗುಡಿಗಳು ಆ ದಿನಗಳ ಗುರುತಾಗಿ ಇಂದಿಗೂ ಉಳಿದಿವೆ.

ಹೊಸ ಬಡಾವಣೆಯ ನಿವೇಶನ ಕೈಗೆಟುಕುವಂತಿದ್ದರೂ ತೀರ್ಮಾನ ಸುಲಭವಾಗಿರಲಿಲ್ಲ. ಬಸವನಗುಡಿ ಎಂದರೆ ದೊಡ್ಡ ಬಸವಣ್ಣನ ದೇವಸ್ಥಾನ, ಕಹಳೆ ಬಂಡೆ, ಸುತ್ತ ಹೊಲ ಮತ್ತು ವರ್ಷಕ್ಕೊಮ್ಮೆ ಕಡಲೆಕಾಯಿ ಪರಿಷೆ. ಮಲ್ಲೇಶ್ವರಕ್ಕೆ ಹೆಸರು ಕೊಟ್ಟ ದೇವರೇ ಕಾಡು ಮಲ್ಲೇಶ್ವರ. ಮರಾಠಾ ನಾಯಕ ಏಕೋಜಿಯ 1669ರ ದತ್ತಿಶಾಸನ ಇರುವ ಆ ಗುಡಿ ನಿಜಕ್ಕೂ ಊರಾಚೆಗಿತ್ತು. ನೀರಿಗೇನು ಗತಿ, ದಿನಸಿ ಎಲ್ಲಿ ಸಿಗುತ್ತದೆ, ಕತ್ತಲಾದ ಮೇಲೆ ಹೆಂಗಸರು ಮಕ್ಕಳು ಹೇಗೆ ಓಡಾಡಬೇಕು ಎಂಬ ಪ್ರಶ್ನೆಗಳಿಗೆ ಗಟ್ಟಿ ಉತ್ತರವಿರಲಿಲ್ಲ. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದೇ 1905ರಲ್ಲಿ.

ಕೊನೆಗೆ ಹೋದವರು ಯಾರು ಎಂಬುದೇ ಈ ಬಡಾವಣೆಗಳ ಚರಿತ್ರೆಯ ತಿರುಳು. ಸಂಬಳದಾರರು ಹೋದರು. ಗುಮಾಸ್ತರು, ವಕೀಲರು, ಮೇಷ್ಟರುಗಳು, ನಿವೃತ್ತ ಅಮಲ್ದಾರರಿಗೆ ಮನೆಯೂ ದುಡಿಮೆಯೂ ಬೇರೆ ಬೇರೆಯಾಗಿದ್ದವು. ಮನೆ ಕದಲಿದರೆ ಸಂಬಳ ನಿಲ್ಲುತ್ತಿರಲಿಲ್ಲ. ನೇಕಾರ, ಅಕ್ಕಸಾಲಿ, ಚಿಲ್ಲರೆ ವ್ಯಾಪಾರಿಗಳಲ್ಲಿ ಹೆಚ್ಚಿನವರು ರೋಗ ಇಳಿದ ಮೇಲೆ ಅದೇ ಕೇರಿಗೆ ಮರಳಿದರು. ನಿವೇಶನಗಳನ್ನು ಜಾತಿ, ಮತದ ಪ್ರಕಾರ ಭಾಗ ಮಾಡಿ ಹಂಚಿದ್ದರಿಂದ ಹೊಸ ಊರಿಗೂ ಹಳೆಯ ಕೇರಿಯ ಗೆರೆಗಳು ಬಂದುಬಿಟ್ಟವು. ಆರೋಗ್ಯಕ್ಕೆಂದು ಕಟ್ಟಿದ ಬಡಾವಣೆಯ ಗಾಳಿ ಬೆಳಕು ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಈ ಅನ್ಯಾಯವನ್ನು ಬಡಾವಣೆಗಳ ಹೆಮ್ಮೆಯ ಕಥೆಗಳು ಬಹುಪಾಲು ಹೇಳುವುದಿಲ್ಲ.

ಮುಂದಿನ ಐವತ್ತು ವರ್ಷಗಳಲ್ಲಿ ಕಾಡಿನ ಅಂಚು ಊರಿನ ಹೃದಯವಾಯಿತು. ಮಲ್ಲೇಶ್ವರದ ಆಚೆ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಬಸವನಗುಡಿಯಲ್ಲಿ ಶಾಲೆಗಳು, ಗಾಂಧಿ ಬಜಾರಿನಲ್ಲಿ 1943ರಲ್ಲಿ ವಿದ್ಯಾರ್ಥಿ ಭವನ, 1945ರಲ್ಲಿ ಡಿ.ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಕಥೆಗಾರ ಮಾಸ್ತಿಯವರು ಪಕ್ಕದ ಗವೀಪುರದಲ್ಲಿ ನೆಲೆಸಿದರು. ಹಳ್ಳಿಗಳಿಂದ ಓದಲು, ಕೆಲಸ ಹುಡುಕಲು ಬಂದವರನ್ನು ಹಿಡಿದಿಟ್ಟದ್ದು ವಠಾರ. ಒಂದೇ ಅಂಗಳದ ಸುತ್ತ ಆರೋ ಎಂಟೋ ಪುಟ್ಟ ಮನೆಗಳು, ಎಲ್ಲರಿಗೂ ಒಂದೇ ನಲ್ಲಿ, ಮೂಲೆಯಲ್ಲಿ ಮಾಲೀಕರ ಮನೆ. ಮಹಡಿ ಬಂಗಲೆಗಳ ಬೀದಿಯಲ್ಲೇ ಅಲ್ಪ ಸಂಬಳದವರೂ ಇರುವಂತೆ ಮಾಡಿದ ವ್ಯವಸ್ಥೆ ಅದು. ಇಕ್ಕಟ್ಟು, ಜಗಳ ಏನೇ ಇದ್ದರೂ ಅದಕ್ಕೆ ಸರಿಸಾಟಿಯಾದದ್ದನ್ನು ಬೆಂಗಳೂರು ಮತ್ತೆ ಕಟ್ಟಲಿಲ್ಲ.

ವಠಾರ ಅಳಿದದ್ದು ನಿಧಾನವಾಗಿ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಹಳೆಯ ಬಾಡಿಗೆದಾರರ ಬಾಡಿಗೆ ಏರಿಸುವುದು ಕಷ್ಟವಾಗಿತ್ತು. ಅದು ಬಡವರನ್ನು ಕಾಪಾಡಿತು, ಆದರೆ ಮಾಲೀಕರು ದುರಸ್ತಿಗೆ ಕೈ ಹಾಕಲಿಲ್ಲ. ತಲೆಮಾರು ಕಳೆದು ಆಸ್ತಿ ಪಾಲಾದಾಗ, ಅಣ್ಣತಮ್ಮಂದಿರಿಗೆ ಒಂದೊಂದು ಕೋಣೆ ಹಂಚಿಕೊಳ್ಳುವುದಕ್ಕಿಂತ ಜಾಗವನ್ನು ಬಿಲ್ಡರ್‌ಗೆ ಕೊಟ್ಟು ಒಂದೊಂದು ಫ್ಲಾಟು ಪಡೆಯುವುದೇ ಲಾಭವೆನಿಸಿತು. 1990ರ ನಂತರದ ಸಾಫ್ಟ್‌ವೇರ್ ಸಂಬಳಗಳು ಈ ಲೆಕ್ಕವನ್ನು ಇನ್ನಷ್ಟು ಗಟ್ಟಿ ಮಾಡಿದವು. ಮಲ್ಲೇಶ್ವರದ ಸಂಪಿಗೆ ರಸ್ತೆಯ ತುದಿಯಲ್ಲಿ ಗಿರಣಿ ಇದ್ದ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ತೆರೆಯಿತು. 2014ರಲ್ಲಿ ಅಲ್ಲಿಗೆ ಮೆಟ್ರೊದ ಹಸಿರು ಮಾರ್ಗ ಬಂತು, 2017ರಲ್ಲಿ ಅದೇ ಮಾರ್ಗ ಬಸವನಗುಡಿಯ ನ್ಯಾಷನಲ್ ಕಾಲೇಜನ್ನೂ ಮುಟ್ಟಿತು.

ಪ್ಲೇಗಿನ ಕಾಲದಲ್ಲಿ ಊರಾಚೆ ಎಂದು ಹಿಂಜರಿದು ಬಂದವರ ಮರಿಮಕ್ಕಳಿಗೆ ಇಂದು ಅದೇ ಬೀದಿಯಲ್ಲಿ ಮನೆ ಕೊಳ್ಳುವುದು ಕಷ್ಟ. ಅವರಲ್ಲಿ ಅನೇಕರು ಯಲಹಂಕ, ಕೆಂಗೇರಿ, ಕನಕಪುರ ರಸ್ತೆಯ ಕಡೆ ನೋಡುತ್ತಾರೆ. ನೀರು ಕಾವೇರಿಯದೋ ಟ್ಯಾಂಕರಿನದೋ, ಕಚೇರಿ ಎಷ್ಟು ದೂರ, ಮಕ್ಕಳ ಶಾಲೆ ಎಲ್ಲಿ, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಾಡಿಗೆಗೆ ಇರಬೇಕೋ ಭೋಗ್ಯಕ್ಕೆ ಹೋಗಬೇಕೋ ಎಂದು ತೂಗಿ ನೋಡುತ್ತಾರೆ. ಕನಕಪುರ ರಸ್ತೆಯಲ್ಲಿ ಹಸಿರು ಮಾರ್ಗ 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿಯಿತು. ಒಂದು ಕಾಲಕ್ಕೆ ದೂರವೆನಿಸಿದ್ದ ಆ ಬಡಾವಣೆಗಳಲ್ಲೂ ಈಗ ಬಾಡಿಗೆ ಏರಿದೆ.