ಕೂಸಿನ ಕಾವಲು

ಹೊಲಕ್ಕೆ ಕಳೆ ಕೀಳಲು ಹೋದ ತಾಯಿ ಬದುವಿನ ಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿ, ಅದರಲ್ಲಿ ಕೂಸನ್ನು ಮಲಗಿಸಿ ಕೆಲಸಕ್ಕೆ ಬಗ್ಗುವ ನೋಟ ನಮ್ಮ ನಾಡಿನಲ್ಲಿ ಯಾರಿಗೂ ಹೊಸದಲ್ಲ. ಅವಳ ಕೈ ಕಳೆಯ ಮೇಲಿದ್ದರೂ ಒಂದು ಕಣ್ಣು ಜೋಲಿಯ ಮೇಲೆಯೇ ಇರುತ್ತದೆ. ಇರುವೆ ಹತ್ತಿತೇ, ಬಿಸಿಲು ಬಿತ್ತೇ, ಹಸಿವಾಯಿತೇ ಎಂಬುದನ್ನು ತಿಳಿಯಲು ಅವಳಿಗೆ ಯಾವ ನಿಯಮಾವಳಿಯೂ ಬೇಕಿಲ್ಲ. ಆದರೆ ಕೆಲಸವು ಹೊಲದಿಂದ ಗಿರಣಿಗೆ, ಗಿರಣಿಯಿಂದ ಕಚೇರಿಗೆ ಸರಿದಾಗ ಆ ಕಣ್ಣು ಮಗುವಿನಿಂದ ದೂರವಾಯಿತು. ತಾಯಿಯ ಸ್ಥಾನದಲ್ಲಿ ಮತ್ತೊಬ್ಬರು ನಿಂತು ಕಾಯಬೇಕಾಯಿತು. ಶಿಶುಪಾಲನ ಕೇಂದ್ರ ಹುಟ್ಟಿದ್ದು ಹೀಗೆ.

ಹುಟ್ಟಿದ ದಿನದಿಂದಲೇ ಅದರ ಬೆನ್ನಿಗೆ ಒಂದು ತೊಡಕೂ ಅಂಟಿಕೊಂಡು ಬಂದಿತು. ಮನೆಯಲ್ಲಿ ಒಂದು ಮಗುವಿಗೆ ದಡಾರ ಬಂದರೆ ಹೆಚ್ಚೆಂದರೆ ಅದರ ಒಡಹುಟ್ಟಿದವರಿಗೆ ಹರಡೀತು. ನಲವತ್ತು ಮಕ್ಕಳು ಒಂದೇ ಕೋಣೆಯಲ್ಲಿ ಉಸಿರಾಡುತ್ತಿದ್ದರೆ ನಲವತ್ತು ಮನೆಗಳಿಗೆ ಹರಡೀತು. ಮಕ್ಕಳನ್ನು ಕಾಪಾಡಲೆಂದು ಒಂದೆಡೆ ಸೇರಿಸಿದ್ದೇ ಅವರಿಗೆ ಅಪಾಯವಾಗುವ ಸಂಭವವಿದೆ. ಈ ತೊಡಕನ್ನು ಹಿಂದಿನವರು ಹೇಗೆ ಎದುರಿಸಿದರು, ಅದರಿಂದ ನಾವು ಕಲಿತದ್ದೇನು, ಕಲಿತೂ ಮರೆತದ್ದೇನು ಎಂಬುದನ್ನು ಮೂರು ನಗರಗಳ ಕಥೆಯ ಮೂಲಕ ನೋಡಬಹುದು. ಅವು ಪ್ಯಾರಿಸ್, ಲಂಡನ್ ಮತ್ತು ದೆಹಲಿ.

ಮೊದಲನೆಯದು ಪ್ಯಾರಿಸ್. 1840ರ ದಶಕದಲ್ಲಿ ಅಲ್ಲಿ ಫಿರ್ಮಿನ್ ಮಾರ್ಬೊ ಎಂಬ ನಗರಾಡಳಿತದ ಅಧಿಕಾರಿಯೊಬ್ಬರು ಬಡವರ ಮಕ್ಕಳಿಗಾಗಿ ಇದ್ದ ಸಂಸ್ಥೆಗಳ ಸ್ಥಿತಿಗತಿಯನ್ನು ಪರಿಶೀಲಿಸುತ್ತಿದ್ದರು. ಆರು ವರ್ಷ ದಾಟಿದವರಿಗೆ ಶಾಲೆಯಿತ್ತು. ಎರಡರಿಂದ ಆರು ವರ್ಷದವರಿಗೆ ಆಶ್ರಯಶಾಲೆಗಳಿದ್ದವು. ಹಾಗಾದರೆ ಎರಡು ವರ್ಷ ತುಂಬದ ಕೂಸುಗಳು ಎಲ್ಲಿವೆ? ಈ ಸರಳವಾದ ಪ್ರಶ್ನೆಯೇ ಅವರನ್ನು ಕೆಲಸಕ್ಕೆ ಹಚ್ಚಿತು. ಹುಡುಕಿಕೊಂಡು ಹೋದಾಗ ಅವು ಸಿಕ್ಕಿದ್ದು ನೆರೆಹೊರೆಯ ಮುದುಕಿಯರ ಕತ್ತಲೆಯ ಕೋಣೆಗಳಲ್ಲಿ. ಆ ಕಾವಲಿಗೂ ತಾಯಿಯ ದಿನಗೂಲಿಯ ದೊಡ್ಡ ಪಾಲು ತೆರಬೇಕಾಗಿತ್ತು. 1844ರ ನವೆಂಬರ್ 14ರಂದು ಶಾಯೊ ಎಂಬ ಬಡಾವಣೆಯಲ್ಲಿ ಮಾರ್ಬೊ ಹನ್ನೆರಡು ತೊಟ್ಟಿಲುಗಳ ಒಂದು ಪುಟ್ಟ ಕೇಂದ್ರವನ್ನು ತೆರೆಸಿದರು. ದಿನಕ್ಕೆ ಇಪ್ಪತ್ತು ಸಾಂಟೀಮಿನ ಶುಲ್ಕ. ಮೊಲೆಯೂಡುವ ತಾಯಿ ಕೆಲಸದ ನಡುವೆ ಬಂದು ಹಾಲೂಡಿ ಹೋಗಬಹುದಾಗಿತ್ತು. ಅದಕ್ಕೆ 'ಕ್ರೆಶ್' ಎಂಬ ಹೆಸರಾಯಿತು. ಆ ಮಾತಿಗೆ ದನದ ಕೊಟ್ಟಿಗೆಯ ಮೇವಿನ ಗೋದಲಿ ಎಂದರ್ಥ. ಬೆತ್ಲೆಹೇಮಿನಲ್ಲಿ ಬಾಲಯೇಸುವನ್ನು ಮಲಗಿಸಿದ್ದ ಗೋದಲಿಯ ನೆನಪು ಅದರಲ್ಲಿದೆ.

ಆ ಕಾಲಕ್ಕೆ ರೋಗಾಣುಗಳ ವಿಚಾರ ಲೋಕಕ್ಕೆ ತಿಳಿದಿರಲಿಲ್ಲ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಬಾಣಂತಿಯರಿಗೆ ಸಾವನ್ನು ತರುತ್ತಿರುವುದು ವೈದ್ಯರ ಕೈಗಳೇ ಎಂದು ಕಂಡುಕೊಂಡು, ಸುಣ್ಣ ಮತ್ತು ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯುವ ಕಟ್ಟಳೆಯನ್ನು ತಂದದ್ದು 1847ರಲ್ಲಿ, ಎಂದರೆ ಮೂರು ವರ್ಷಗಳ ತರುವಾಯ. ಅವರ ಮಾತನ್ನು ಸಹೋದ್ಯೋಗಿಗಳೇ ಒಪ್ಪಲಿಲ್ಲ. ಹೀಗಿದ್ದರೂ ಶಿಶುಕೇಂದ್ರಗಳ ಮೊದಲ ನಿಯಮಗಳನ್ನು ನೋಡಿದರೆ ವಿಸ್ಮಯವಾಗುತ್ತದೆ. ಕಾಯಿಲೆಯ ಮಗುವಿಗೆ ಪ್ರವೇಶವಿಲ್ಲ. ಸಿಡುಬಿನ ಲಸಿಕೆ ಆಗಿರಬೇಕು. ವೈದ್ಯರು ತಪ್ಪದೆ ಬಂದು ನೋಡಬೇಕು. ಕೋಣೆಗೆ ಗಾಳಿ ಬೆಳಕು ಬೇಕು. ಕಾರಣ ತಿಳಿಯುವ ಮುಂಚೆಯೇ ಅನುಭವವು ಮದ್ದನ್ನು ತೋರಿಸಿಕೊಟ್ಟಿತ್ತು. ಆದರೂ ಶಿಶುಕೇಂದ್ರಗಳು ರೋಗ ಹರಡುವ ತಾಣಗಳೆಂಬ ಟೀಕೆ ದಶಕಗಳವರೆಗೂ ನಿಲ್ಲಲಿಲ್ಲ. ಆ ಟೀಕೆಯಲ್ಲಿ ನಿಜವೂ ಇತ್ತು. ನಿಯಮವು ಗೋಡೆಯ ಮೇಲೆ ತೂಗುತ್ತಿದ್ದು, ಕೈಗಳು ಕಡಮೆಯಾದ ಕಡೆ ಮಕ್ಕಳು ನರಳುವುದು ತಪ್ಪುತ್ತಿರಲಿಲ್ಲ.

ಕೈಗಳು ಕಡಮೆಯಾದರೆ ಏನಾಗುತ್ತದೆ ಎಂಬುದಕ್ಕೆ ಆ ಕಾಲದ ಒಂದು ಸಣ್ಣ ಸಾಧನವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಉದ್ದನೆಯ ರಬ್ಬರಿನ ಕೊಳವೆಯುಳ್ಳ ಹಾಲಿನ ಸೀಸೆಗಳು ಬಳಕೆಗೆ ಬಂದವು. ಸೀಸೆಯನ್ನು ಪಕ್ಕದಲ್ಲಿಟ್ಟು ಕೊಳವೆಯ ತುದಿಯನ್ನು ಬಾಯಿಗಿಟ್ಟರೆ ಮಗು ತಾನಾಗಿ ಹಾಲು ಹೀರುತ್ತಿತ್ತು. ಎತ್ತಿಕೊಂಡು ಕುಡಿಸುವ ಶ್ರಮವಿಲ್ಲ. ಎಂತಹ ಅನುಕೂಲ ಎಂದು ಎಲ್ಲರೂ ಕೊಂಡರು. ಆದರೆ ಆ ಕೊಳವೆಯ ಒಳಭಾಗವನ್ನು ತೊಳೆಯುವುದು ಸಾಧ್ಯವೇ ಇರಲಿಲ್ಲ. ಒಡೆದ ಹಾಲು ಅಲ್ಲಿಯೇ ನಿಂತು ವಿಷವಾಗುತ್ತಿತ್ತು. ಭೇದಿಯಿಂದ ಕೂಸುಗಳು ಸಾಯುತ್ತಿದ್ದವು. ಕೊನೆಗೆ 1910ರಲ್ಲಿ ಫ್ರಾನ್ಸ್ ಅದನ್ನು ಕಾನೂನಿನ ಮೂಲಕ ನಿಷೇಧಿಸಿತು. ಮಗುವನ್ನು ಎತ್ತಿಕೊಳ್ಳುವ ಕೈಯನ್ನು ಉಳಿಸಹೋಗಿ ಮಗುವನ್ನೇ ಕಳೆದುಕೊಂಡ ಕಥೆಯಿದು.

ಇನ್ನು ಲಂಡನ್ನಿಗೆ ಬರೋಣ. ಥೇಮ್ಸ್ ನದಿಯ ದಡದ ಡೆಟ್‌ಫರ್ಡ್ ಎಂಬ ಬಡ ಬಡಾವಣೆಯಲ್ಲಿ ರೇಚಲ್ ಮತ್ತು ಮಾರ್ಗರೆಟ್ ಮ್ಯಾಕ್‌ಮಿಲನ್ ಎಂಬ ಸೋದರಿಯರು ನಡೆಸಿದ ಕಾರ್ಯ ಈ ಇತಿಹಾಸದಲ್ಲಿ ಬಹು ದೊಡ್ಡದು. ಮಕ್ಕಳ ಕಾಯಿಲೆಯೆಂದರೆ ಏನೆಂಬುದನ್ನು ಮಾರ್ಗರೆಟ್ ಬಾಲ್ಯದಲ್ಲಿಯೇ ಅರಿತಿದ್ದರು. 1865ರಲ್ಲಿ ಸ್ಕಾರ್ಲೆಟ್ ಜ್ವರ ಅವರ ತಂದೆಯನ್ನೂ ಪುಟ್ಟ ತಂಗಿಯನ್ನೂ ಕೊಂಡೊಯ್ದಿತು. ಅದೇ ಜ್ವರದಿಂದ ಬದುಕುಳಿದ ಐದು ವರ್ಷದ ಮಾರ್ಗರೆಟ್ಟರಿಗೆ ಹಲವು ವರ್ಷ ಕಿವಿ ಕೇಳಿಸದಂತಾಯಿತು. ಮುಂದೆ ಬ್ರಾಡ್‌ಫರ್ಡ್ ನಗರದ ಶಾಲಾಮಂಡಲಿಯ ಸದಸ್ಯೆಯಾಗಿ ಅವರು ಶಾಲೆಯಲ್ಲಿ ವೈದ್ಯಕೀಯ ತಪಾಸಣೆ, ಸ್ನಾನ, ಊಟ ಇವು ಬೇಕೆಂದು ಹೋರಾಡಿದರು. 1910ರಲ್ಲಿ ಸೋದರಿಯರು ಡೆಟ್‌ಫರ್ಡಿನಲ್ಲಿ ಮಕ್ಕಳ ಚಿಕಿತ್ಸಾಲಯವೊಂದನ್ನು ತೆರೆದರು.

ಅಲ್ಲಿ ಅವರಿಗೆ ಕಹಿಯಾದ ಅನುಭವವೊಂದು ಕಾದಿತ್ತು. ಕಜ್ಜಿ, ಕಣ್ಣುಬೇನೆ, ಕಿವಿಸೋರಿಕೆ ಎಂದು ಬಂದ ಮಕ್ಕಳು ಗುಣವಾಗಿ ಮನೆಗೆ ಹೋಗುತ್ತಿದ್ದರು. ಕೆಲವೇ ದಿನಗಳಲ್ಲಿ ಅದೇ ಮಕ್ಕಳು ಅದೇ ಬೇನೆಯೊಡನೆ ಮತ್ತೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮನೆಯಲ್ಲಿ ಗಾಳಿಯಿಲ್ಲ, ಬೆಳಕಿಲ್ಲ, ಸ್ನಾನಕ್ಕೆ ನೀರಿಲ್ಲ, ಹೊಟ್ಟೆಗೆ ಚಹಾ ಮತ್ತು ಬ್ರೆಡ್ಡಿನ ಹೊರತು ಮತ್ತೊಂದಿಲ್ಲ. ಮುಲಾಮು ಹಚ್ಚಿದರೇನು ಫಲ? ರೋಗಕ್ಕೆ ಮದ್ದು ಕೊಡುವುದಕ್ಕಿಂತ ರೋಗ ಬಾರದ ಬದುಕನ್ನು ಕೊಡುವುದೇ ಮೇಲು ಎಂದು ಅವರು ನಿಶ್ಚಯಿಸಿದರು. 1914ರಲ್ಲಿ ಬಯಲು ಶಿಶುಶಾಲೆ ಪ್ರಾರಂಭವಾಯಿತು.

ಅದೊಂದು ತೋಟ. ತೋಟಕ್ಕೆ ಮುಖಮಾಡಿದ, ಒಂದು ಪಕ್ಕ ತೆರೆದ ಚಪ್ಪರದಂತಹ ಕೋಣೆಗಳು. ಎಲ್ಲ ಮಕ್ಕಳನ್ನೂ ಒಂದೇ ದೊಡ್ಡ ಕಟ್ಟಡದಲ್ಲಿ ತುಂಬದೆ ಚಿಕ್ಕ ಚಿಕ್ಕ ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೂ ಬೇರೆ ಬೇರೆ ಕೋಣೆ, ಬೇರೆ ಬೇರೆ ಸ್ನಾನಗೃಹ ಇಟ್ಟರು. ಒಂದು ಗುಂಪಿನಲ್ಲಿ ಸೋಂಕು ಕಾಣಿಸಿಕೊಂಡರೂ ಮಿಕ್ಕವರಿಗೆ ತಗಲಬಾರದೆಂಬುದು ಇದರ ಉದ್ದೇಶ. ಬೆಳಗ್ಗೆ ಬಂದ ಮಗುವನ್ನು ಮೊದಲು ನೋಡಿ, ಸ್ನಾನ ಮಾಡಿಸಿ, ಶುಭ್ರವಾದ ಅಂಗಿ ತೊಡಿಸಿ, ಬಳಿಕ ಊಟ. ಮಧ್ಯಾಹ್ನ ಬಯಲಿನಲ್ಲಿ ನಿದ್ದೆ. ಸಂಜೆಯವರೆಗೆ ಮಣ್ಣು, ಗಿಡ, ನೀರುಗಳ ಜೊತೆಯ ಆಟ. ಬಿಸಿಲಿಗೂ ಎಲುಬಿನ ಬಲಕ್ಕೂ ಇರುವ ಸಂಬಂಧವನ್ನು, ರಿಕೆಟ್ಸ್ ರೋಗ ಬಿಸಿಲಿನಿಂದ ಗುಣವಾಗುವುದನ್ನು ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿಕೊಟ್ಟದ್ದು 1919ರ ಹೊತ್ತಿಗೆ. ಡೆಟ್‌ಫರ್ಡಿನ ಸೊಟ್ಟಗಾಲಿನ ಮಕ್ಕಳು ಅದಕ್ಕೂ ಮುಂಚೆಯೇ ಬಿಸಿಲಿನಲ್ಲಿ ಆಡುತ್ತಿದ್ದರು.

ರೇಚಲ್ 1917ರಲ್ಲಿ ತೀರಿಕೊಂಡರು. ಮಾರ್ಗರೆಟ್ ಅಕ್ಕನ ಹೆಸರನ್ನು ಶಾಲೆಗಿಟ್ಟು ಕಾರ್ಯವನ್ನು ಮುಂದುವರಿಸಿದರು. ಅವರು ಕಡೆಯವರೆಗೂ ಹಿಡಿದ ಹಟ ಒಂದು: ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸವಲ್ಲ, ಅದಕ್ಕೆ ಮೂರು ವರ್ಷಗಳ ಶಿಕ್ಷಣ ಬೇಕು. ಅಗ್ಗದ ಕೂಲಿಗೆ ಯಾರನ್ನೋ ಹಿಡಿದು ತಂದರಾಯಿತು ಎಂಬ ವಾದವನ್ನು ಅವರು ಎಂದೂ ಒಪ್ಪಲಿಲ್ಲ. ಅಂತಹ ಶಿಕ್ಷಣಕ್ಕಾಗಿ ರೇಚಲ್ ಮ್ಯಾಕ್‌ಮಿಲನ್ ಕಾಲೇಜು 1930ರಲ್ಲಿ ಪ್ರಾರಂಭವಾಯಿತು. ಮರುವರ್ಷ ಮಾರ್ಗರೆಟ್ ಕಣ್ಣು ಮುಚ್ಚಿದರು.

ಮೂರನೆಯದು ನಮ್ಮ ದೇಶದ ಕಥೆ. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆಯು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಅವರ ಮಕ್ಕಳಿಗೆ ಕೋಣೆಯನ್ನು ಒದಗಿಸಬೇಕೆಂದು ವಿಧಿಸಿತು. ಆ ಕೋಣೆಗೆ ಗಾಳಿ ಬೆಳಕು ಸಾಕಷ್ಟಿರಬೇಕು, ಅದು ಶುಚಿಯಾಗಿರಬೇಕು, ಶಿಶುಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸರ ವಶದಲ್ಲಿರಬೇಕು ಎಂದಿತು. 1976ರ ತಿದ್ದುಪಡಿ ಆ ಐವತ್ತನ್ನು ಮೂವತ್ತಕ್ಕೆ ಇಳಿಸಿತು. ಕಾನೂನು ಒಳ್ಳೆಯದೇ. ಆದರೆ ಅದು ಎಣಿಸಿದ್ದು ದುಡಿಯುವ ಹೆಂಗಸರನ್ನು, ಮಕ್ಕಳನ್ನಲ್ಲ. ಇಪ್ಪತ್ತೈದು ಹೆಂಗಸರಿರುವ ಕಡೆ ಮೂವತ್ತು ಕೂಸುಗಳಿದ್ದರೂ ಅವು ಕಾನೂನಿನ ಕಣ್ಣಿಗೆ ಬೀಳಲಿಲ್ಲ. ಕಾರ್ಖಾನೆಯೇ ಅಲ್ಲದ ಕಡೆ ದುಡಿಯುವವರ ಮಾತಂತೂ ದೂರವೇ ಉಳಿಯಿತು.

ಹಾಗೆ ದೂರ ಉಳಿದವರು ಕಟ್ಟಡಗಳ ಕೂಲಿಗಾರರು. 1969, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ. ದೆಹಲಿಯ ರಾಜಘಾಟಿನ ಬಳಿ ಗಾಂಧೀ ದರ್ಶನ ವಸ್ತುಪ್ರದರ್ಶನದ ಕಟ್ಟಡಗಳು ಏಳುತ್ತಿದ್ದವು. ಮಹಾತ್ಮನ ಹೆಸರಿನಲ್ಲಿ ಏಳುತ್ತಿದ್ದ ಆ ಕಟ್ಟಡಗಳ ನಡುವೆಯೇ ಕೂಲಿ ಹೆಂಗಸರ ಕೂಸುಗಳು ಧೂಳಿನಲ್ಲಿ, ಬಿಸಿಲಿನಲ್ಲಿ, ನೊಣ ಮುತ್ತಿಕೊಂಡು ಮಲಗಿದ್ದವು. ಅದನ್ನು ಕಂಡು ಮರುಗಿದ ಮೀರಾ ಮಹಾದೇವನ್ ಅವರು ಅಲ್ಲಿಯೇ ಒಂದು ಡೇರೆ ಹಾಕಿಸಿ ಮಕ್ಕಳನ್ನು ನೋಡಿಕೊಳ್ಳಲು ಏರ್ಪಾಡು ಮಾಡಿದರು. 'ಮೊಬೈಲ್ ಕ್ರೆಶಸ್' ಎಂಬ ಸಂಸ್ಥೆಯ ಪ್ರಾರಂಭವಿದು. ಕಟ್ಟಡ ಮುಗಿದೊಡನೆ ಕೂಲಿಗಾರರು ಮುಂದಿನ ಕಟ್ಟಡಕ್ಕೆ ಹೋಗುತ್ತಾರೆ. ಅವರ ಹಿಂದೆಯೇ ಕೇಂದ್ರವೂ ಹೋಗಬೇಕು. ಆದ್ದರಿಂದಲೇ ಆ ಹೆಸರು.

ಇಟ್ಟಿಗೆ, ಕಬ್ಬಿಣದ ಸರಳು, ಸುಣ್ಣ, ಕಾಂಕ್ರೀಟಿಗೆಂದು ತುಂಬಿಸಿಟ್ಟ ನೀರಿನ ತೊಟ್ಟಿ, ಇವೆಲ್ಲ ಅಂಬೆಗಾಲಿಡುವ ಮಗುವಿಗೆ ಮೃತ್ಯುವಿನ ಬಾಯಿಗಳು. ಅವುಗಳ ನಡುವೆ, ಅರ್ಧ ಮುಗಿದ ಕಟ್ಟಡದ ಒಂದು ಮೂಲೆಯನ್ನು ಗುಡಿಸಿ, ಸಾರಿಸಿ, ಜೋಲಿಗಳನ್ನು ಕಟ್ಟಿ, ಮಕ್ಕಳಿಗೆ ಸ್ನಾನ, ಊಟ, ಲಸಿಕೆ, ವೈದ್ಯರ ಭೇಟಿ ಇವುಗಳನ್ನು ಒದಗಿಸಿದ್ದು ಸಾಮಾನ್ಯವಾದ ಕೆಲಸವಲ್ಲ. ಮೀರಾ ಅವರು 1977ರಲ್ಲಿ ತೀರಿಕೊಂಡರು, ಸಂಸ್ಥೆ ಉಳಿಯಿತು. ಕಟ್ಟಡ ಕೆಲಸಗಾರರ ಮಕ್ಕಳಿಗೆ ಇಂತಹ ಕೋಣೆಯಿರಬೇಕೆಂದು ಸಂಸತ್ತು ಪ್ರತ್ಯೇಕವಾದ ಕಾಯಿದೆ ಮಾಡಿದ್ದು 1996ರಲ್ಲಿ. ಅದರಲ್ಲಿಯೂ ಐವತ್ತು ಹೆಂಗಸರ ಲೆಕ್ಕವೇ ಮತ್ತೆ ಬಂದಿತು.

ಈ ನಡುವೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾರಂಭವಾಯಿತು. ಅವುಗಳಲ್ಲಿ ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಮಗುವನ್ನು ತೂಗುವ ತಕ್ಕಡಿ, ಲಸಿಕೆ, ಪೌಷ್ಟಿಕ ಆಹಾರ ಇವು ಅಂಗನವಾಡಿಯ ಮೂಲಕ ಹಳ್ಳಿಗೆ ಬಂದವು. ಇದರಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ದಿನದ ಕೆಲವೇ ಗಂಟೆ ತೆರೆದಿರುವ ಅಂಗನವಾಡಿಯಲ್ಲಿ ದಿನವೂ ಬಂದು ಕುಳಿತುಕೊಳ್ಳುವವರು ಮೂರು ವರ್ಷ ತುಂಬಿದವರು. ಅದಕ್ಕಿಂತ ಚಿಕ್ಕ ಕೂಸು ಎಲ್ಲಿದೆ? ಎಷ್ಟೋ ಮನೆಗಳಲ್ಲಿ ಅದು ಎಂಟು ವರ್ಷದ ಅಕ್ಕನ ಸೊಂಟದ ಮೇಲಿದೆ. ಆ ಅಕ್ಕನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಸಾಲಿನಲ್ಲಿದೆ. 1840ರ ದಶಕದಲ್ಲಿ ಮಾರ್ಬೊ ಕೇಳಿದ ಪ್ರಶ್ನೆಯೇ ನಮ್ಮ ಮುಂದೆಯೂ ನಿಂತಿತು. ಅದಕ್ಕೆ ಉತ್ತರ ಕೊಡುವ ಯತ್ನವಾಗಿ 2023ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಕೇಂದ್ರಗಳು ಪ್ರಾರಂಭವಾದವು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ಹಗಲು ನೋಡಿಕೊಳ್ಳುವುದು ಅವುಗಳ ಉದ್ದೇಶ. ಹೆಸರಂತೂ ಸೊಗಸಾಗಿದೆ.

ಮೂರು ನಗರಗಳ ಈ ಕಥೆಯಿಂದ ತಿಳಿಯುವುದೇನು? ಕೈ ತೊಳೆಯಬೇಕು, ಗಾಳಿ ಬೆಳಕು ಬೇಕು, ಕಾಯಿಲೆಯ ಮಗುವನ್ನು ಬೇರೆ ಇರಿಸಬೇಕು ಎಂಬ ನಿಯಮಗಳಾವುವೂ ಹೊಸವಲ್ಲ. ಅವೆಲ್ಲ ನೂರು, ನೂರೈವತ್ತು ವರ್ಷಗಳಿಂದ ಗೊತ್ತಿರುವ ಸಂಗತಿಗಳು. ಕೊರತೆ ಬಿದ್ದದ್ದು ನಿಯಮಗಳಿಗಲ್ಲ, ಕೈಗಳಿಗೆ. ಒಬ್ಬ ಹೆಂಗಸು ಇಪ್ಪತ್ತು ಕೂಸುಗಳನ್ನು ನೋಡಿಕೊಳ್ಳಬೇಕಾದರೆ, ಒಂದರ ಬಟ್ಟೆ ಬದಲಿಸಿದ ಕೈಯನ್ನು ತೊಳೆಯುವಷ್ಟರಲ್ಲಿ ಇನ್ನೊಂದು ಹೊಸ್ತಿಲು ದಾಟಿರುತ್ತದೆ. ಅವಳು ಕೈ ತೊಳೆಯಬೇಕೇ, ಮಗುವನ್ನು ಹಿಡಿಯಬೇಕೇ? ಅಂತಹ ಕಡೆ ಶುಚಿತ್ವವೂ ರಕ್ಷಣೆಯೂ ಒಂದಕ್ಕೊಂದು ವೈರಿಗಳಾಗುತ್ತವೆ. ಆ ದೋಷ ಅವಳದಲ್ಲ. ಅವಳೊಬ್ಬಳನ್ನೇ ಅಲ್ಲಿ ನಿಲ್ಲಿಸಿದ ನಮ್ಮದು.

ಆದುದರಿಂದ ಮಗುವನ್ನು ಕೇಂದ್ರವೊಂದಕ್ಕೆ ಒಪ್ಪಿಸಲು ಹೋಗುವವರು ಗೋಡೆಯ ಬಣ್ಣದ ಚಿತ್ರಗಳನ್ನು ನೋಡಿ ಮರುಳಾಗಬೇಕಿಲ್ಲ. ಇಲ್ಲಿ ಮಕ್ಕಳೆಷ್ಟು, ನೋಡಿಕೊಳ್ಳುವವರೆಷ್ಟು? ಕೈ ತೊಳೆಯುವ ನೀರು ಎಲ್ಲಿದೆ? ಜ್ವರ ಬಂದ ಮಗುವನ್ನು ಎಲ್ಲಿ ಮಲಗಿಸುತ್ತೀರಿ? ಕೆಂಡ, ಕುದಿವ ನೀರು, ಔಷಧಿಯ ಸೀಸೆ ಇವು ಮಗುವಿನ ಕೈಗೆ ಎಟುಕುವಂತಿವೆಯೇ? ಇಷ್ಟನ್ನು ಕೇಳಿದರೆ ಸಾಕು. ಆಮೇಲೆ ಮತ್ತೊಂದು ಪ್ರಶ್ನೆಯನ್ನೂ ಕೇಳುವುದು ನ್ಯಾಯ: ಇಲ್ಲಿ ದುಡಿಯುವ ಆಯಾಳಿಗೆ ಸಂಬಳವೆಷ್ಟು? ಬದುವಿನ ಮರದ ಕೆಳಗೆ ತಾಯಿಯ ಕಣ್ಣಿಗೆ ಬೆಲೆ ಕಟ್ಟುವವರಿರಲಿಲ್ಲ. ಅವಳ ಸ್ಥಾನದಲ್ಲಿ ನಿಂತವಳ ಕಣ್ಣಿಗೆ ನಾವು ಬೆಲೆ ಕಟ್ಟಿದ್ದೇವೆ; ಅದು ಬಲು ಕಡಮೆಯಾಯಿತೇನೋ ಎಂದು ಯೋಚಿಸಬೇಕಾದ ಹೊಣೆ ನಮ್ಮ ಮೇಲಿದೆ.